ನಾನು ಬಾರಿಸದ ಎರಡನೇ ಆಲ್ಬಂ

ನಮ್ಮಪ್ಪನದು ಹುಣಸೂರಿನಲ್ಲಿ ಮೈಕ್ ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಚುನಾವಣೆ ಭಾಷಣ, ಎಲ್ಲಕ್ಕೂ ನಮ್ಮ ಹಾರನ್ನುಗಳೇ ಹೋಗುತ್ತಿದ್ದವು. ಹಾಗಾಗಿ ಪಿಯುಸಿ ಓದುವಾಗ ನಾನು ಡ್ರಮ್ಸ್ ಕಲಿಯುತ್ತೇನೆ ಎಂದದ್ದಕ್ಕೆ ಅಪ್ಪ ಬೈಯಲಿಲ್ಲ. ಕೆ.ಆರ್. ನಗರದಲ್ಲಿ ಒಂದು ಆರ್ಕೆಸ್ಟ್ರಾ ತಂಡ ಒಡೆದುಹೋಗಿತ್ತು. ಅವರ ಹಳೆಯ ಡ್ರಮ್ ಸೆಟ್ಟನ್ನು ನಮ್ಮ ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು.

"ಮುಂದುಕ್ಕೆ ನಮ್ದೇ ಒಂದು ಆರ್ಕೆಸ್ಟ್ರಾ ಮಾಡ್ಬೋದು ಕಣೋ," ಎಂದರು.

ನನ್ನ ತಲೆಯಲ್ಲಿದ್ದದ್ದು ಬೇರೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಚಿಕ್ಕಪ್ಪನ ಮಗ ಒಂದು ಕ್ಯಾಸೆಟ್ ಕೊಟ್ಟಿದ್ದ. ಯಾರಿಂದಲೋ ಯಾರೋ ಕಾಪಿ ಮಾಡಿಸಿಕೊಂಡದ್ದು. ಮೇಲೆ ಬಾಲ್ ಪೆನ್ನಿನಲ್ಲಿ 'ಬ್ಲ್ಯಾಕ್ ಮೆಟಲ್' ಎಂದಷ್ಟೇ ಬರೆದಿತ್ತು. ಚಳಿ ದೇಶಗಳ ಹುಡುಗರ ಸಂಗೀತ. ಗಿಟಾರು ಜೇನುನೊಣಗಳ ಹಾಗೆ ಒಂದೇ ಸಮ ಗುಂಯ್ಗುಡುತ್ತದೆ, ಡ್ರಮ್ಮು ಉಸಿರು ತೆಗೆದುಕೊಳ್ಳದೆ ಓಡುತ್ತದೆ, ಅದರ ಮೇಲೆ ಗಂಟಲು ಹರಿಯುವ ಹಾಗೆ ಒಬ್ಬ ಕಿರುಚುತ್ತಾನೆ. ಸಾವು, ಕತ್ತಲೆ, ಹಿಮ, ದೇವರ ಮೇಲಿನ ಸಿಟ್ಟು. ಮೊದಲ ಸಲ ಹಾಕಿದಾಗ ಟೇಪ್ ರೆಕಾರ್ಡರೇ ಕೆಟ್ಟಿತು ಎಂದುಕೊಂಡು ಹೆಡ್ ಒರೆಸಿದೆ. ಮೂರನೇ ಸಲಕ್ಕೆ ಅದನ್ನು ಬಿಟ್ಟಿರಲಾರದವನಾದೆ.

ಆ ಕ್ಯಾಸೆಟ್ಟನ್ನು ಕೇಳಿ ಓಡಿಹೋಗದೆ ಕೂತವರು ಇಬ್ಬರೇ. ಒಬ್ಬ ಬೆಟ್ಟದಪುರದಿಂದ ದಿನಾ ಬಸ್ಸಿನಲ್ಲಿ ಹುಣಸೂರಿನ ಕಾಲೇಜಿಗೆ ಬರುತ್ತಿದ್ದ ನನ್ನ ಕ್ಲಾಸಿನವನು. ಹೊಗೆಸೊಪ್ಪು ಬೆಳೆಯುವ ಮನೆಯವನು, ಮಾತು ಕಡಿಮೆ. ಯಾರದೋ ಹಳೇ ಗಿಟಾರು ತಂದು ತಾನೇ ಕಲಿತುಕೊಂಡಿದ್ದ. ಇನ್ನೊಬ್ಬ ನಮ್ಮ ಅಂಗಡಿಯ ಹಿಂದಿನ ಬೀದಿಯ ಮುಸ್ಲಿಂ ಬಡಗಿಯ ಮಗ. ಅಪ್ಪನ ಜೊತೆ ಬಾಗಿಲು, ಮಂಚ ಮಾಡುತ್ತಿದ್ದ. ಗರಗಸದ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲು ಹೇಗಾಗಿತ್ತೆಂದರೆ, ನಮಗೆ ಹಾಡುವವನನ್ನು ಹುಡುಕುವ ಕೆಲಸವೇ ಬೀಳಲಿಲ್ಲ.

ಊರೊಳಗೆ ಬಾರಿಸುವ ಹಾಗಿರಲಿಲ್ಲ. ಬೆಟ್ಟದಪುರದವನ ಹೊಲದಲ್ಲಿ ಬ್ಯಾರನ್ ಇತ್ತು, ಹೊಗೆಸೊಪ್ಪನ್ನು ಬಿಸಿಗೆ ಹದ ಮಾಡುವ ಎತ್ತರದ ಮನೆ. ಕಿಟಕಿ ಇಲ್ಲ, ದಪ್ಪ ಗೋಡೆ, ಒಳಗೆ ಸೊಪ್ಪು ನೇತುಹಾಕುವ ಗಳುಗಳು ಒಂದರ ಮೇಲೊಂದು. ಸೊಪ್ಪಿನ ಕೆಲಸ ಮುಗಿದ ಮೇಲೆ ಮುಂದಿನ ಬೆಳೆವರೆಗೆ ಅದು ಖಾಲಿ. ಭಾನುವಾರ ಬೆಳಿಗ್ಗೆ ನಮ್ಮ ಟೆಂಪೋದಲ್ಲಿ ಡ್ರಮ್ಮು, ಆಂಪ್ಲಿಫೈಯರ್ ಏರಿಸಿಕೊಂಡು ಹೋಗಿ ಸಂಜೆ ವಾಪಸ್ ತಂದು ಅಂಗಡಿಯಲ್ಲಿ ಇಳಿಸುತ್ತಿದ್ದೆವು. ಹೊಗೆಸೊಪ್ಪಿನ ಘಾಟು ಬಟ್ಟೆಗೆ ಹತ್ತಿ, ಮನೆಯಲ್ಲಿ ನಮ್ಮಮ್ಮ ನಾನು ಬೀಡಿ ಕಲಿತೆನೆಂದು ತಿಂಗಳುಗಟ್ಟಲೆ ಅನುಮಾನಪಟ್ಟಳು.

ಬೆಟ್ಟದಪುರದವನಿಗೊಬ್ಬಳು ಅಕ್ಕ ಇದ್ದಳು, ನಮಗಿಂತ ಎರಡು ವರ್ಷ ದೊಡ್ಡವಳು. ಬ್ಯಾರನ್ನಿನ ಹೊರಗೆ ನೆರಳಲ್ಲಿ ಅವರವ್ವನ ಜೊತೆ ಕೂತು ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ನಮ್ಮ ಬ್ಯಾಂಡಿಗೆ ಮೊದಲ ಶ್ರೋತೃ ಅವಳೇ. ನಾವು ಬೆವರಿ ಹೊರಗೆ ಬಂದರೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಯೇಸ್ ದಿನದಿಂದ ಕೇಳ್ತಾ ಇವ್ನಿ, ಒಂದಕ್ಸರನಾದ್ರೂ ತಿಳೀಲಿಲ್ಲ ಕಣ್ರಪ್ಪ. ಅದೇನ್ ಅಂತ ಅರುಚ್ಕೊತೀರಿ?"

"ಹಿಮದ ಬಗ್ಗೆ ಅಕ್ಕ," ಎಂದ ಬಡಗಿಯ ಮಗ.

"ಇಮ ಅಂದ್ರೆ? ಐಸ್ ಕ್ಯಾಂಡಿ ತರಾನಾ?"

ನಮ್ಮ ಮೂವರಲ್ಲಿ ಒಬ್ಬನೂ ಹಿಮ ಕಂಡವನಲ್ಲ. ಬಡಗಿಯ ಮಗ ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದ ಹಾಡುಗಳು. ಮೊದಲ ಸಲ ಬೆಂಗಳೂರಿನ ಕಾಲೇಜೊಂದರಲ್ಲಿ ಬಾರಿಸಲು ಹೋದಾಗ ಈ ಸಂಗೀತದವರ ಪದ್ಧತಿಯಂತೆ ಮುಖಕ್ಕೆ ಬಿಳಿ ಕಪ್ಪು ಬಳಿದುಕೊಳ್ಳಬೇಕಿತ್ತು. ಬಿಳಿ ಬಣ್ಣ ನಾಟಕದವರಿಂದ ಸಿಕ್ಕಿತು. ಕಪ್ಪಿಗೆ ಅವಳೇ ತನ್ನ ಕಾಡಿಗೆ ಡಬ್ಬಿ ಕೊಟ್ಟು ಕಳಿಸಿದಳು.

ಆ ಹಾಡುಗಳನ್ನು ಅಪ್ಪನ ಅಂಗಡಿಯ ಮಿಕ್ಸರಿನಲ್ಲಿ, ಬ್ಯಾರನ್ನಿನಲ್ಲೇ ಟೇಪಿಗೆ ಹಾಕಿದೆವು. ಅದೇ ನಮ್ಮ ಮೊದಲ ಆಲ್ಬಂ. ರೆಕಾರ್ಡಿಂಗ್ ಕೆಟ್ಟದಾಗಿತ್ತು, ಗೋಡೆಯೊಳಗಿಂದ ಕೇಳಿದ ಹಾಗೆ. ಆದರೆ ಈ ಸಂಗೀತದವರಿಗೆ ಅಂಥದ್ದೇ ಬೇಕು. ಬೆಂಗಳೂರಿನ ಒಬ್ಬ ಕಾಪಿ ಮಾಡಿ ಅಂಚೆಯಲ್ಲಿ ಹಂಚಿದ. ಶಿಲ್ಲಾಂಗಿನಿಂದ, ಕೇರಳದಿಂದ, ಒಮ್ಮೆ ಹೊರದೇಶದಿಂದಲೂ ಪತ್ರ ಬಂತು. ನಮ್ಮ ಡ್ರಮ್ಮಿನ ವೇಗವನ್ನು ಹೊಗಳಿ ಬರೆದಿದ್ದ ಆ ಕೊನೆಯ ಪತ್ರವನ್ನು ನಾನು ಪರ್ಸಿನಲ್ಲಿ ಮಡಿಸಿಟ್ಟುಕೊಂಡು ತಿರುಗಿದೆ. ಮಡಿಕೆಯ ಜಾಗದಲ್ಲಿ ಹರಿದು ನಾಲ್ಕು ತುಂಡಾಗುವವರೆಗೆ.

ಅಷ್ಟರಲ್ಲಿ ಅಕ್ಕನ ಮದುವೆಯಾಯಿತು. ಮಿರ್ಲೆಯ ಹತ್ತಿರದ ಹಳ್ಳಿಗೆ ಕೊಟ್ಟರು, ಗದ್ದೆಯಿದ್ದ ಮನೆ. ಮೈಕ್ ಸೆಟ್ ನಮ್ಮದೇ. ಒಂದು ಹೆಣ್ಣು ಮಗುವಾಯಿತು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಡುವ ದಿನ ನಾನು ಬೆಟ್ಟದಪುರದಲ್ಲೇ ಇದ್ದೆ. ಬಸ್ಸು ಹತ್ತುವಾಗ ಅವಳು ನಗಲಿಲ್ಲ, ನಮ್ಮ ಹಾಡಿನ ಬಗ್ಗೆ ತಮಾಷೆ ಮಾಡಲಿಲ್ಲ. ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ತಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಆಗ ನನಗೆ ಅದು ಏನೂ ಅನ್ನಿಸಲಿಲ್ಲ.

ಮೂರು ತಿಂಗಳಿಗೆ ಸುದ್ದಿ ಬಂತು. ಬಟ್ಟೆ ಒಗೆಯಲು ಹೋದವಳು ಕಾಲು ಜಾರಿ ನಾಲೆಗೆ ಬಿದ್ದಳು ಎಂದು.

ಬೆಟ್ಟದಪುರದ ಮನೆಯವರನ್ನೆಲ್ಲ ಕರೆದುಕೊಂಡು ಹೋಗಲು ಅಪ್ಪ ನಮ್ಮ ಟೆಂಪೋ ಕಳಿಸಿದರು, ಜೊತೆಗೆ ನಾನೂ ಹೋದೆ. ಬಡಗಿಯ ಮಗ ಹಿಂದೆ ಬಸ್ಸಿನಲ್ಲಿ ಬಂದ. ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಮಾತು ಕಟ್ಟಿ ರಾಗವಾಗಿ ಹಾಡಿಕೊಂಡು ಅಳುತ್ತಾರೆ. ಬೆಟ್ಟದಪುರದವನ ಅವ್ವನೂ ಹಾಗೇ ಅತ್ತರು. ನಾವಿಬ್ಬರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆವು.

"ಕೆರೆ ಈಜಿ ಬೆಳೆದೋಳೇ ನನ್ನವ್ವಾ, ನೀರ್ ಕಂಡ್ರೆ ಎದ್ರುದೋಳಲ್ವಲ್ಲೇ... ಮೊಣಕಾಲುದ್ದ ನಾಲೆ ನಿನ್ನ ಎಂಗ್ ನುಂಗ್ತೇ ನನ್ ಮಗಳೇ... ನೀ ಯೋಳಿದ್ನ ನಾ ಕೇಳ್ನಿಲ್ವಲ್ಲೇ..."

ಗಂಡನ ಮನೆಯ ಹೆಂಗಸೊಬ್ಬರು ಬಂದು ಅವ್ವನ ಭುಜ ಹಿಡಿದು, "ಸಾಕು ಬುಡವ್ವ, ಜನ ಕೇಳ್ತಾವ್ರೆ," ಎಂದರು. ಅವ್ವ ನಿಲ್ಲಿಸಲಿಲ್ಲ. ಒಂದೇ ರಾಗ, ಏರಿ, ಅರ್ಧಕ್ಕೆ ಮುರಿದು, ಮತ್ತೆ ಮೊದಲಿನಿಂದ.

ಆ ಹೊತ್ತಿಗೆ ಮನೆಯ ಹಿಂದೆ ಗಂಡಸರು ಸೇರಿದ್ದರು. ಪೊಲೀಸ್ ಸ್ಟೇಷನ್ನಿಗೆ ಹೋದರೆ ಕೂಸಿನ ಮುಖ ಮತ್ತೆ ನೋಡುವ ಹಾಗಿಲ್ಲ ಎಂದು ಆ ಕಡೆಯವರು ಹೇಳಿದರಂತೆ. ಈ ಕಡೆ ಅವನಪ್ಪ, ದೊಡ್ಡಪ್ಪ ಎಲ್ಲ ತಲೆ ಬಗ್ಗಿಸಿ ಒಪ್ಪಿದರು. ಕಾಲು ಜಾರಿ ಬಿದ್ದಳು ಎಂದೇ ಆಯಿತು. ಅವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ, ಬಾಯಿ ತೆರೆಯಲಿಲ್ಲ.

ಈಗ ಬರೆಯಲು ನಾಚಿಕೆಯಾಗುವ ಒಂದು ಮಾತಿದೆ. ಆ ಅಂಗಳದಲ್ಲಿ ನಿಂತು ನನಗೆ ಅನ್ನಿಸಿದ್ದು: ಇನ್ನು ಇವನ ಗಿಟಾರು ಎಷ್ಟು ಉಗ್ರವಾಗುತ್ತದೋ, ನಮ್ಮ ಎರಡನೇ ಆಲ್ಬಂ ಹೇಗಿರುತ್ತದೋ ಎಂದು. ನಾನು ಅತ್ತೆ ಕೂಡ. ಅಳುತ್ತಲೇ ಹಾಗೆ ಯೋಚಿಸಿದೆ.

ನಾಲ್ಕೈದು ತಿಂಗಳು ಅವನು ಗಿಟಾರು ಮುಟ್ಟಲಿಲ್ಲ. ಸೊಪ್ಪು ಮುಗಿದು ಬ್ಯಾರನ್ ಖಾಲಿಯಾದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ. ನಾನು ಡ್ರಮ್ಮಿಗೆ ಹೊಸ ಪೆಡಲ್ ಕೊಂಡು, ಕಾಲು ಸೋಲುವವರೆಗೆ ಅಭ್ಯಾಸ ಮಾಡಿ ಹೋಗಿದ್ದೆ. ಅವನು ಆಂಪ್ಲಿಫೈಯರಿನ ಕರ್ಕಶವನ್ನೆಲ್ಲ ಕಡಿಮೆ ಮಾಡಿ, ಒಂದೊಂದೇ ತಂತಿ ಬಿಡಿಸಿ ಬಾರಿಸತೊಡಗಿದ. ನಿಧಾನ. ಎಷ್ಟು ನಿಧಾನವೆಂದರೆ ಒಂದು ಸ್ವರ ಆ ಎತ್ತರದ ಗೋಡೆಗಳೊಳಗೆ ಪೂರ್ತಿ ಸಾಯುವವರೆಗೆ ಕಾದು ಮುಂದಿನದನ್ನು ಮೀಟುತ್ತಿದ್ದ. ಏರಿ, ಅರ್ಧಕ್ಕೆ ಮುರಿದು, ಮತ್ತೆ ಮೊದಲಿನಿಂದ. ಅವ್ವನ ಅಳುವಿನ ರಾಗ ಎಂದು ನನಗೆ ಕೂಡಲೇ ಗೊತ್ತಾಯಿತು.

"ಹಾಡು ಕನ್ನಡದಲ್ಲೇ ಇರ್ಲಿ," ಎಂದ. "ಕಿರುಚೋದು ಬ್ಯಾಡ. ಮಾತಾಡ್ದಂಗೆ ಯೋಳುದ್ರೆ ಸಾಕು."

ಬಡಗಿಯ ಮಗ ಅವನು ಬರೆದಿದ್ದ ಹಾಳೆ ಓದಿದ. ನಾಲೆಯ ಬಗ್ಗೆ, ಮೊಣಕಾಲುದ್ದದ ನೀರಿನ ಬಗ್ಗೆ, ತಲೆ ಬಗ್ಗಿಸಿ ಕೂತ ಗಂಡಸರ ಬಗ್ಗೆ. ಓದಿ ಮುಗಿಸಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಆಯ್ತು ಭಾಯ್, ಹಂಗೇ ಮಾಡಣ," ಎಂದ. ಕಿರುಚುವುದಕ್ಕೇ ಹೆಸರಾದವನು ಕಿರುಚುವುದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟ.

"ಡ್ರಮ್ಮು?" ಎಂದೆ ನಾನು.

"ಬೇಕಾದ ಕಡೆ ಒಂದೊಂದು ಏಟು. ದೊಡ್ ಡ್ರಮ್ಮಿನ ಮ್ಯಾಲೆ. ಅಷ್ಟೇ ಕಣ್ಲಾ."

ಎರಡು ಭಾನುವಾರ ತಡೆದುಕೊಂಡೆ. ಇಡೀ ಹಾಡಿಗೆ ಹನ್ನೆರಡು ಏಟು ಹಾಕಿ ಸುಮ್ಮನೆ ಕೂರುವುದು. ಕೈಯಲ್ಲಿ ಕಡ್ಡಿ ಹಿಡಿದು, ಅವರಿಬ್ಬರೂ ಎಲ್ಲಿಗೋ ಹೋಗಿಬರುವುದನ್ನು ನೋಡುವುದು. ನನ್ನನ್ನು ಯಾರೂ ಕರೆಯದ ಜಾಗ ಅದು. ಮೂರನೇ ಭಾನುವಾರ ಕಡ್ಡಿ ಎಸೆದು ಎದ್ದೆ.

"ಇದು ಬ್ಲ್ಯಾಕ್ ಮೆಟಲ್ ಏನ್ಲಾ? ಕಾಪಿ ತರ್ಸ್ಕೊಂಡೋರು ಏನಂತಾರೆ? ಇಷ್ಟು ದಿನ ಕಟ್ಟಿದ್ದೆಲ್ಲ ನೀರ್ಪಾಲು."

"ಅನ್ನಲಿ," ಎಂದ ಅವನು. "ನಾವು ಅಷ್ಟ್ ದಿನ ಸಾವು ಸಾವು ಅಂತ ಅರುಚಿದ್ವಲ್ಲ, ಸಾವು ಅಂಗಿರಕಿಲ್ಲ ಕಣ್ಲಾ. ಸದ್ದೇ ಇರಕಿಲ್ಲ ಅದ್ಕೆ."

ಅವನು ನನ್ನ ಜೊತೆ ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

"ಸತ್ತೋರ್ ಮನೆ ಎಂಗುಸ್ರು ಗೋಳಾಡದ್ನ ಟೇಪ್ ಮಾಡಿ ಯಾರಿಗ್ ಕೇಳುಸ್ತೀಯಾ? ಗೋಳಾಟಕ್ಕೆ ಗಿಟಾರ್ ಕಟ್ಟುದ್ರೆ ಹಾಡಾಯ್ತದಾ?" ಎಂದೆ, ಬ್ಯಾರನ್ ಪೂರ್ತಿ ಮೊಳಗುವ ಹಾಗೆ.

ಅವನು ನನ್ನ ಹಿಂದೆ ನೋಡುತ್ತಿದ್ದ. ತಿರುಗಿದೆ. ಬಾಗಿಲಲ್ಲಿ ಅವ್ವ ನಿಂತಿದ್ದರು, ತಟ್ಟೆಯಲ್ಲಿ ಮೂರು ಲೋಟ ಟೀ. ತಟ್ಟೆಯನ್ನು ಹೊಸ್ತಿಲ ಒಳಗೆ ನೆಲದ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಬಿಸಿಲಲ್ಲಿ ಮನೆ ಕಡೆ ನಡೆದುಹೋದರು. ನಾನು ಡ್ರಮ್ಮು ಬಿಚ್ಚಿ ಟೆಂಪೋಗೆ ಏರಿಸಿದೆ. ಇಬ್ಬರೂ ತಡೆಯಲಿಲ್ಲ. ಬಡಗಿಯ ಮಗ ದೊಡ್ಡ ಡ್ರಮ್ಮನ್ನು ಎತ್ತಲು ಕೈ ಕೊಟ್ಟ, ಅಷ್ಟೇ.

ಅವರು ನಾನಿಲ್ಲದೆ ಮುಗಿಸಿದರು. ಮಿಕ್ಸರನ್ನು ನಾನು ತಂದುಬಿಟ್ಟಿದ್ದರಿಂದ ಪಿರಿಯಾಪಟ್ಟಣದಲ್ಲಿ ಮದುವೆ ವಿಡಿಯೊ ಮಾಡುವವನೊಬ್ಬನ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದರಂತೆ. ಏಟು ಬೇಕಾದ ಕಡೆ ಬಡಗಿಯ ಮಗ ಮರದ ಹಲಗೆಯ ಮೇಲೆ ಕೊಡತಿಯಿಂದ ಹೊಡೆದನಂತೆ. ಇದೆಲ್ಲ ನನಗೆ ಅವರಿವರಿಂದ ತಿಳಿದದ್ದು. ಸಿ.ಡಿ. ಬೆಂಗಳೂರಿಗೆ ಹೋಯಿತು, ಮೂರು ಹಾಡು ಇಂಟರ್ನೆಟ್ಟಿಗೂ ಬಂದವು.

ಹುಣಸೂರಿನಲ್ಲಿ ಆಗಷ್ಟೇ ಸೈಬರ್ ಕೆಫೆಗಳು ಬಂದಿದ್ದವು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗಿ ಕೂತೆ. ಹೆಡ್‌ಫೋನಿನ ಒಂದು ಕಿವಿ ಕೆಲಸ ಮಾಡುತ್ತಿರಲಿಲ್ಲ. ಕೇಳುವ ಮನಸ್ಸಿನಿಂದ ನಾನು ಹೋಗಿರಲಿಲ್ಲ, ಬೈಯುವುದಕ್ಕೆ ಏನು ಸಿಗುತ್ತದೆ ಎಂದು ಹೋಗಿದ್ದೆ. ಒಂದು ಹಾಡನ್ನು ಅರ್ಧ ಕೇಳಿದೆ, ಇನ್ನೊಂದನ್ನು ಮುಂದೆ ಓಡಿಸಿ ಓಡಿಸಿ ಕೇಳಿದೆ, ಮೂರನೆಯದನ್ನು ತೆರೆಯಲೇ ಇಲ್ಲ. ಆಮೇಲೆ ಈ ಸಂಗೀತದವರು ಚರ್ಚೆ ಮಾಡುವ ಜಾಗಕ್ಕೆ ಹೋಗಿ, ಸುಳ್ಳು ಹೆಸರಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದೆ. ಹಳ್ಳಿ ಹೆಂಗಸರ ಗೋಳಾಟಕ್ಕೆ ಗಿಟಾರು ಕಟ್ಟಿದ್ದಾರೆ, ಈ ಬ್ಯಾಂಡು ಸತ್ತಿತು ಎಂದು.

ಎರಡು ದಿನ ಬಿಟ್ಟು ನೋಡಿದರೆ ನನ್ನ ಮಾತಿನ ಕೆಳಗೆ ಹತ್ತಾರು ಜನ ಸೇರಿಕೊಂಡಿದ್ದರು. ನಗು, ಕೊಂಕು. ಮುಂದಿನ ಆಲ್ಬಂನಲ್ಲಿ ಲಾಲಿ ಹಾಡುತ್ತಾರೆ ಎಂದು ಒಬ್ಬ ಬರೆದಿದ್ದ. ಮೊದಲ ಆಲ್ಬಂ ಮೆಚ್ಚಿ ಪತ್ರ ಬರೆದಿದ್ದವನೊಬ್ಬ ತನ್ನ ಕಾಪಿಯನ್ನು ಎಸೆಯುತ್ತೇನೆ ಎಂದಿದ್ದ. ಆ ಪರದೆಯ ಮುಂದೆ ಕೂತು ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಒಂದು ವಾರದಷ್ಟು ಆ ಸಂತೋಷ ಇತ್ತು.

ಆ ವಾರದ ಕೊನೆಗೆ ಬಡಗಿಯ ಮಗ ನಮ್ಮ ಅಂಗಡಿಗೆ ಬಂದ. ನಾನು ಸ್ಟೂಲಿನ ಮೇಲೆ ಕೂತು ವೈರು ಸುತ್ತುತ್ತಿದ್ದೆ. ಅವನು ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತ. ತಲೆಯ ಮೇಲೆ, ರೆಪ್ಪೆಯ ಮೇಲೆ ಮರದ ಪುಡಿ.

"ಅದು ನೀನೇ ಬರ್ದಿರೋದು, ಅಲ್ವಾ?"

"ಯಾವ್ದು?"

"ಗೋಳಾಟಕ್ಕೆ ಗಿಟಾರು. ಆ ಮಾತು ಬ್ಯಾರನ್ನಲ್ಲಿ ಇದ್ದೋರ್ ಬಿಟ್ರೆ ಯಾರಿಗ್ ಗೊತ್ತು?"

ನಾನು ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಾನ್ ಅಲ್ಲ ಅಂತ ಒಂದ್ ಮಾತು ಹೇಳು. ನಂಬ್ತೀನಿ. ಖುದಾ ಕಸಮ್, ನಂಬ್ತೀನಿ."

ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆಗಲಿಲ್ಲ.

"ಅವನ ಎದುರಿಗೆ ಕೂತು ಓದ್ದೆ ನಾನು, ಅವನಿಗೆ ಇಂಗ್ಲಿಷ್ ಸರಿಯಾಗಿ ತಿಳೀಲಿಲ್ಲ ಅಂತ ಕನ್ನಡ ಮಾಡಿ ಹೇಳ್ದೆ. ಕನ್ನಡ ಮಾಡ್ತಾ ಮಾಡ್ತಾನೇ ನನಗ್ ಗೊತ್ತಾಯ್ತು. ಅವನಿಗೂ ಆಯ್ತು. 'ಬುಡು' ಅಂತ ಎದ್ದೋದ."

ಅವನ ದನಿ ಅಲ್ಲಿಗೆ ಒಡೆಯಿತು. ಅಷ್ಟು ವರ್ಷ ಕಿರುಚಿದರೂ ಒಡೆಯದ ಗಂಟಲು. ತಿರುಗಿ ಹೊರಟುಹೋದ. ಅದೇ ವರ್ಷ ಎಚ್.ಡಿ. ಕೋಟೆ ದಾಟಿ ಕೇರಳದ ಕಡೆ, ಯಾರದೋ ಫರ್ನಿಚರ್ ಕೆಲಸಕ್ಕೆ ಸೇರಿದನೆಂದು ಅವನಪ್ಪ ಹೇಳಿದರು. ಹಬ್ಬಕ್ಕೆ ಬಂದಾಗ ಬೀದಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಾನೆ. ಮಾತಿಲ್ಲ.

ನಾನು ಡ್ರಮ್ಮು ಮಾರಿದೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ಅಪ್ಪನ ದೇಹದ ಮುಂದೆ ನಮ್ಮಮ್ಮ ಹಾಡಿಕೊಂಡು ಅತ್ತಾಗ, ಎಷ್ಟೋ ವರ್ಷ ನನ್ನೊಳಗೆ ಗಟ್ಟಿಯಾಗಿ ಕೂತಿದ್ದ ಏನೋ ಜಾರಿತು. ಅಮ್ಮ ಅಪ್ಪನನ್ನು ಬೈಯುತ್ತಿದ್ದಳು, ಕರೆಯುತ್ತಿದ್ದಳು, ನಮಗ್ಯಾರಿಗೂ ಗೊತ್ತಿಲ್ಲದ ಸಂಗತಿಗಳನ್ನು ಆ ರಾಗದಲ್ಲಿ ಹೇಳುತ್ತಿದ್ದಳು. ಬೆಟ್ಟದಪುರದವನು ಏನು ಮಾಡಿದ್ದನೆಂದು ನನಗೆ ಅಲ್ಲಿ ಅರ್ಥವಾಯಿತು. ಯಾವ ಸ್ಟೇಷನ್ನಿಗೂ ಹೋಗದ ದೂರನ್ನು ಅವನ ಅವ್ವ ಅಂಗಳದಲ್ಲಿ ಕೂಗಿ ಹೇಳಿದ್ದರು, ಅವನು ಅದನ್ನು ಉಳಿಸಿಡಲು ನೋಡಿದ್ದ.

ಆಲ್ಬಂ ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಆ ಜಾಗವೇ ಇರಲಿಲ್ಲ. ಕಾಪಿ ಹಂಚುತ್ತಿದ್ದ ಬೆಂಗಳೂರಿನವನು ಆ ಸಂಗೀತ ಬಿಟ್ಟು ಬಹಳ ಕಾಲವಾಗಿತ್ತು. ಪಿರಿಯಾಪಟ್ಟಣದ ವಿಡಿಯೊದವನು ಕಂಪ್ಯೂಟರ್ ಕೆಟ್ಟು ಎಲ್ಲ ಹೋಯಿತೆಂದ.

ಕೊನೆಗೆ ಒಂದು ಬೆಳಿಗ್ಗೆ ಬೆಟ್ಟದಪುರಕ್ಕೇ ಹೋದೆ. ಅವನು ಜಗಲಿಯ ಮೇಲೆ ಸೊಪ್ಪಿನ ಹೊರೆ ಕಟ್ಟುತ್ತಿದ್ದ. ದಪ್ಪಗಾಗಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಸಿಟ್ಟಾಗಲಿಲ್ಲ.

"ಬಾ, ಕೂತ್ಕೊ. ಅಪ್ಪಾಜಿ ತೀರ್ಕೊಂಡ್ರಂತಲ್ಲ, ಕೇಳ್ದೆ," ಎಂದ.

ಈ ವರ್ಷದ ಸೊಪ್ಪು, ರಸ್ತೆ ಅಗಲ ಮಾಡುತ್ತಿರುವುದು, ನನ್ನ ಮಕ್ಕಳ ಸ್ಕೂಲು, ಹೀಗೆ ಮಾತಾಡಿದ. ನೆಂಟರ ಜೊತೆ ಆಡುವ ಮಾತು. ನಾನು ಎರಡು ಸಲ ಆ ವಿಷಯಕ್ಕೆ ಬಂದೆ, ಎರಡು ಸಲವೂ ಅವನು ಎದ್ದು ಏನೋ ತರಲು ಒಳಗೆ ಹೋದ. ಮೂರನೇ ಸಲ ನೇರವಾಗಿ ಕೇಳಿದೆ.

"ಆ ಸಿ.ಡಿ. ಒಂದಾದ್ರೂ ಇದ್ಯಾ?"

"ಇಲ್ಲ ಕಣ್ಲಾ. ಅವ್ವಂಗೆ ಒಂದ್ ದಪ ಕೇಳುಸ್ದೆ. 'ಯಾಕಪ್ಪ ಮಾಡ್ದೆ ಇದ್ನ, ಆ ಕಡೆಯೋರ್ ಕಿವಿಗೆ ಬಿದ್ರೆ ಕೂಸ್ನ ಕಳ್ಸದೂ ನಿಲ್ಲುಸ್ಬುಡ್ತಾರೆ' ಅಂದ್ಲು. ಇದ್ದುವ್ನೆಲ್ಲ ಒಲೆಗಾಕ್ಬುಟ್ಟೆ."

ಅದು ನಿಜವಿರಬಹುದು. ನನ್ನ ಮೇಲೆ ಬರಬೇಕಾದದ್ದನ್ನು ಅವನು ಬೇರೆ ಕಡೆಗೆ ಸರಿಸಿದ್ದೂ ಇರಬಹುದು. ಅವನ ಮುಖದಲ್ಲಿ ಯಾವುದೂ ಓದಲಾಗಲಿಲ್ಲ.

"ಕೂಸು ಬರ್ತಾಳಾ?" ಎಂದೆ.

"ಇಲ್ಲ. ಅವಳಪ್ಪ ಇನ್ನೊಂದ್ ಮದ್ವೆ ಮಾಡ್ಕೊಂಡ್ಮೇಲೆ ಕಳುಸ್ನಿಲ್ಲ."

"ನಾನು ಅವತ್ತು ಬರ್ದಿದ್ದು..." ಎಂದು ಶುರು ಮಾಡಿದೆ.

"ಬುಡು," ಎಂದ. ಗದರಿಸಿದ ಹಾಗಲ್ಲ. ಹೊರೆಯ ಹಗ್ಗ ಬಿಗಿಯುತ್ತಲೇ, ಜೋರಾಗಿ ಎಳೆದು ಗಂಟು ಹಾಕುತ್ತಾ ಹೇಳಿದ.

ಅವ್ವ ಬಾಗಿಲಿಗೆ ಬಂದರು. ಬೆನ್ನು ಬಾಗಿತ್ತು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮೈಕ್ ಸೆಟ್ಟಿನವ್ರ ಮಗ ಅಲ್ವಾ ನೀನು? ಉಂಡ್ಕೊಂಡು ಓಗಪ್ಪ," ಎಂದರು.

ಬೇಡವೆನ್ನುವ ಧೈರ್ಯ ಬರಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಅವರೇ ಬಡಿಸಿದರು, ಎದುರಿಗೆ ಕೂತು ಇನ್ನೊಂದು ಸೌಟು ಹಾಕಿದರು. ಅವತ್ತು ಬ್ಯಾರನ್ನಿನಲ್ಲಿ ಕೇಳಿದ್ದು ಅವರಿಗೆ ನೆನಪಿತ್ತೋ ಇಲ್ಲವೋ, ಕೇಳುವ ದಾರಿ ನನಗಿರಲಿಲ್ಲ. ತಟ್ಟೆ ಖಾಲಿ ಮಾಡಿದೆ.

ಅವನು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ದಾರಿಯಲ್ಲಿ ಯಾರೋ ನಿಲ್ಲಿಸಿ ಸೊಪ್ಪಿನ ಮಾತು ಕೇಳಿದರು, ಅವರ ಜೊತೆ ನಗುನಗುತ್ತಾ ಮಾತಾಡಿದ. ಹುಣಸೂರಿನ ಬಸ್ಸು ಬಂತು. "ಉಸಾರು," ಎಂದ. ನಾನು ಸೀಟು ಹಿಡಿದು ಕಿಟಕಿಯಿಂದ ನೋಡುವ ಹೊತ್ತಿಗೆ ಅವನು ಆಗಲೇ ಬೆನ್ನು ಮಾಡಿ, ಬಂದ ದಾರಿಯಲ್ಲಿ ಅರ್ಧ ದೂರ ಹೋಗಿದ್ದ.